ಎರಡು ಹಾರ್ಡ್ ಡಿಸ್ಕು, ಒಂದು ಫ್ಯೂಸು

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ರಾತ್ರಿ ಪಕ್ಕದ ಶೆಡ್ಡಿನ ಕರೆಂಟ್ ಮಗ್ಗಗಳು ನಿಂತ ಮೇಲೆ ನಮ್ಮ ಮನೆಯಲ್ಲಿ ಕೇಳಿಸುವ ಸದ್ದುಗಳೆಲ್ಲ ನನಗೆ ಗೊತ್ತು. ನಲ್ಲಿಯ ಹನಿ, ಹಲ್ಲಿ, ಮಾವನವರ ಗೊರಕೆ. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಎದ್ದು ಕತ್ತಲಲ್ಲೇ ನಡುಮನೆಗೆ ಹೋಗಿ, ಟಿವಿಯ ಕೆಳಗಿದ್ದ ಕಪ್ಪು ಪೆಟ್ಟಿಗೆಗೆ ಕಿವಿ ಇಟ್ಟೆ. ಟಿಕ್.

"ರೀ, ಏಳ್ರೀ. ನಿಮ್ಮ ಡಿಸ್ಕು ಸದ್ದು ಮಾಡ್ತಿದೆ."

ನನ್ನ ಗಂಡ ವೇಣು ದಡಬಡಿಸಿ ಎದ್ದು ಬಂದರು. ಏರ್‌ಪೋರ್ಟಿನ ಕಾರ್ಗೋದಲ್ಲಿ ಅವರಿಗೆ ಕೆಲಸ. ಬಿಡುವಿನಲ್ಲಿ ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿ ಜೋಡಿಸಿ ಈ ಪೆಟ್ಟಿಗೆ ಮಾಡಿದ್ದರು. ಮನೆಯ ಸಿನಿಮಾ, ಹಾಡು, ಮದುವೆಯ ವಿಡಿಯೋ ಎಲ್ಲ ಅದರೊಳಗೇ ಇದ್ದವು. ಅವನ್ನು ಟಿವಿಯಲ್ಲೂ ನೋಡಬಹುದಿತ್ತು, ಫೋನಿನಲ್ಲೂ ನೋಡಬಹುದಿತ್ತು. ಬೇರೆಲ್ಲೂ ಇಲ್ಲದ್ದು ಮಾತ್ರ ಒಂದೇ ಒಂದು. ಮಾವ ಆದಿನಾರಾಯಣಪ್ಪನವರು ವಯಸ್ಸಿನಲ್ಲಿದ್ದಾಗ ರಾಜನ ಪಾರ್ಟು ಮಾಡಿದ್ದ ಪೌರಾಣಿಕ ನಾಟಕ, ರಾತ್ರಿಯಿಡೀ ಆಡಿದ್ದು. ಅದರ ವಿಡಿಯೋ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಎಂದೋ ತಿಪ್ಪೆ ಸೇರಿದ್ದವು.

ಬರುವ ಭಾನುವಾರ ಅದನ್ನು ನೋಡಲು ತಂಡದಲ್ಲಿ ಉಳಿದವರನ್ನೆಲ್ಲ ಮಾವ ಕರೆದಿದ್ದರು. ಸೂಲಿಬೆಲೆಯಿಂದ ಹಾರ್ಮೋನಿಯಂ ಮೇಷ್ಟ್ರು, ಘಾಟಿಯಿಂದ ಮಂತ್ರಿಯ ಪಾರ್ಟಿನವರು. ಊಟಕ್ಕೆ ಎಷ್ಟು ಜನ ಎಂದು ಅತ್ತೆ ಅಮ್ಮಯಮ್ಮ ಕೇಳಿದ್ದಕ್ಕೆ, "ಸೈನ್ಯ ಸಮೇತ ಬರ್ತಾರೆ" ಎಂದಿದ್ದರು.

"ಆರಿಸ್ಲಾ?" ಎಂದೆ.

"ಬೇಡ ಬೇಡ. ಆರಿಸಿದ್ರೆ ಮತ್ತೆ ತಿರುಗುತ್ತೋ ಇಲ್ವೋ. ಅಲ್ಲಾಡಿಸಲೂ ಬಾರದು. ನಾಳೆನೇ ಹೊಸದು ತಂದು ಕಾಪಿ ಮಾಡ್ಕೊಂಡ್ಬಿಡಬೇಕು."

"ಅಲ್ಲಾಡಿಸಬಾರದಾ? ಗೋಡೆ ಆಚೆ ಆರು ಮಗ್ಗ ಇದಾವಲ್ರೀ."

ಇಬ್ಬರೂ ಗೋಡೆ ನೋಡುತ್ತ ನಿಂತೆವು. ಹಗಲೆಲ್ಲ ಆ ಗೋಡೆ ನಡುಗುತ್ತದೆ, ಲೋಟದ ನೀರಿನಲ್ಲಿ ಸಣ್ಣ ಅಲೆ ಏಳುತ್ತದೆ. ಹುಟ್ಟಿದಾಗಿನಿಂದ ಆ ನಡುಕದಲ್ಲೇ ಬೆಳೆದ ವೇಣುವಿಗೆ ಅದು ನಡುಕ ಎಂದೇ ಅನ್ನಿಸಿರಲಿಲ್ಲ. ಪೆಟ್ಟಿಗೆಯನ್ನು ಅದಕ್ಕೇ ಒರಗಿಸಿಟ್ಟಿದ್ದರು. ಡಿಸ್ಕು ಎಷ್ಟು ದಿನದಿಂದ ನರಳುತ್ತಿತ್ತೋ, ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ.

"ಅಪ್ಪಂಗೆ ಹೇಳ್ಬೇಡ. ನೆಂಟರನ್ನೆಲ್ಲ ಬರಬೇಡಿ ಅಂತ ಹೇಳ್ಬಿಟ್ಟು, ವರ್ಷಗಟ್ಲೆ ಆ ನಾಟಕದ ಮಾತೇ ಎತ್ತಲ್ಲ ಅವ್ರು" ಎಂದರು ವೇಣು.

ಬೆಳಗ್ಗೆ ಇಬ್ಬರೂ ರಜೆ ಹಾಕಿ ಬೆಂಗಳೂರಿನ ಬಸ್ಸು ಹತ್ತಿದೆವು. ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳ ಗಲ್ಲಿಗೆ ನಾನು ಹೋದದ್ದು ಅದೇ ಮೊದಲು. ಒಂದೊಂದು ಅಂಗಡಿಯೂ ಬಚ್ಚಲುಮನೆಯಷ್ಟು, ಒಳಗೆ ಸೂರಿನವರೆಗೆ ಡಬ್ಬಗಳು. ಭಯವಾಗಬೇಕಿತ್ತು, ಆದರೆ ನನಗೆ ಜಾತ್ರೆಗೆ ಬಂದ ಹುಡುಗಿಯ ಹಾಗೆ ಕಾಲು ನಿಲ್ಲುತ್ತಿರಲಿಲ್ಲ.

"ಸಿಸಿಟಿವಿಗಾ ಸಾರ್?" ಎಂದ ಅಂಗಡಿಯವನು.

"ಅಲ್ಲ, ಮನೆಗೆ. ಎಂಟು ಟಿಬಿ."

"ಮನೆಗೆ ಎಂಟು ಟಿಬಿನಾ? ಏನ್ ಗುರು, ಟಾಕೀಸ್ ಇಟ್ಟಿದೀರಾ?"

"ಎರಡು ಕೊಡಿ. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರಬೇಕು" ಎಂದೆ ನಾನು.

ವೇಣು ನನ್ನ ಮುಖ ನೋಡಿದರು. ಬರುವಾಗ ಒಂದೇ ಎಂದು ಮಾತಾಗಿತ್ತು. ಆಮೇಲೆ ನಕ್ಕು, "ಮೇಡಂ ಹೇಳಿದ ಮೇಲೆ ಮುಗೀತು" ಎಂದರು.

ತಂದಿಟ್ಟ ಎರಡನ್ನೂ ಬೆಳಕಿಗೆ ಹಿಡಿದು ತಿರುಗಿಸಿದೆ. ಒಂದರ ಅಂಚಿನ ತೂತುಗಳಲ್ಲಿ ತಿರುಪು ಹಾಕಿ ತೆಗೆದ ಗೀರುಗಳಿದ್ದವು.

"ಇದನ್ನ ಯಾರೋ ಬಳಸಿದಾರೆ."

"ಅಯ್ಯೋ, ಹೊಸದೇ ಮೇಡಂ."

"ಹಾಗಾದ್ರೆ ಈ ಗೀರು ಯಾವುದು?"

ಅಂಗಡಿಯವನು ನನ್ನನ್ನು ಬಿಟ್ಟು ವೇಣುವಿನ ಕಡೆ ತಿರುಗಿದ. "ಸಾರ್, ಮನೇಲೂ ಹಿಂಗೇನಾ?"

"ಮನೇಲಿ ಇನ್ನೂ ಜಾಸ್ತಿ."

ಸೀಲು ಒಡೆಯದ ಇನ್ನೊಂದು ಬಂತು. ಅದರ ನಂಬರನ್ನು ಫೋನಿನಲ್ಲಿ ಕಂಪನಿಯ ಜಾಲತಾಣಕ್ಕೆ ಹಾಕಿ, ವಾರಂಟಿ ಪೂರ್ತಿ ಇದೆಯೆಂದು ನೋಡಿದ ಮೇಲೆಯೇ ಚೀಲಕ್ಕಿಳಿಸಿದೆ. ಹಿಂದಿರುಗುವಾಗ ಸೆರಗನ್ನು ಮಡಿಸಿ ಮಡಿಲಲ್ಲಿ ಹಾಸಿ, ಅದರ ಮೇಲೆ ಎರಡನ್ನೂ ಇಟ್ಟುಕೊಂಡು ಕುಳಿತೆ. ರಸ್ತೆಯುಬ್ಬು ಬಂದಾಗಲೆಲ್ಲ ಎರಡೂ ಕೈಯಲ್ಲಿ ಮೇಲಕ್ಕೆತ್ತುತ್ತಿದ್ದೆ.

"ಮೊಟ್ಟೆನಾ ಮೇಡಂ?" ಎಂದು ಕಂಡಕ್ಟರು ಕೇಳಿದ.

"ಅಲ್ಲಪ್ಪಾ, ರಾಜರು" ಎಂದುಬಿಟ್ಟೆ. ವೇಣು ಕಿಟಕಿಯ ಕಡೆ ತಿರುಗಿ ನಕ್ಕರು. ಮದುವೆಯಾದ ಹೊಸತರಲ್ಲಿ ನಾವು ಹೀಗೆ ಓಡಾಡಿದ್ದು ನೆನಪಾಯಿತು.

ಮನೆಗೆ ಬಂದು, ಭಾನುವಾರದ ನಾಟಕಕ್ಕೆ ಎಂದಷ್ಟೇ ಹೇಳಿದಾಗ ಅತ್ತೆ ಡಬ್ಬಗಳನ್ನು ಮೇಲಿಂದ ಕೆಳಗೆ ನೋಡಿದರು. "ಇನ್ನೂ ಎರಡಾ? ಆ ನಾಟಕದಲ್ಲಿ ಏನಿದೆ ಅಂತ. ಕಿರೀಟ ನೋಡಿದ್ರೆ ಮುಲ್ಲಂಗಿ ಬುಡಮೇಲು ಮಾಡಿ ಇಟ್ಟಂಗೈತೆ."

ಅತ್ತೆ ಯಾವಾಗಲೂ ಹೀಗೇ ಅನ್ನುತ್ತಾರೆ. ಆದರೆ ಮಧ್ಯಾಹ್ನ ಮಗ್ಗದವರು ಊಟಕ್ಕೆ ಕುಳಿತು ಸದ್ದಡಗಿದಾಗ, ದನಿ ಸಣ್ಣದು ಮಾಡಿಕೊಂಡು ಅದೇ ನಾಟಕದ ಕೊನೆಯ ದೃಶ್ಯ ಹಾಕಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ನೆಲಕ್ಕೆ ಬಿದ್ದ ರಾಜ ಮೊಣಕೈಯೂರಿ ಎದ್ದು ಪದ ಹಾಡುವ ದೃಶ್ಯ. ನಾನು ಬಂದರೆ ತಟ್ಟನೆ ಆರಿಸಿ, "ಸೀರಿಯಲ್ ಹುಡುಕ್ತಿದ್ದೆ" ಎನ್ನುತ್ತಿದ್ದರು.

ಅಂದು ರಾತ್ರಿ ಮಗ್ಗ ನಿಂತ ಕೂಡಲೇ ಹೊಸ ಡಿಸ್ಕನ್ನು ತಂತಿಯಲ್ಲಿ ಜೋಡಿಸಿ ನಾಟಕವನ್ನು ಮೊದಲು ಕಾಪಿಗೆ ಹಾಕಿದೆವು. ಹಳೆಯದು ತಡವರಿಸುತ್ತ, ಒಂದೊಂದು ಕಡೆ ಬಹಳ ಹೊತ್ತು ನಿಂತು, ಮತ್ತೆ ಹೊರಡುತ್ತಿತ್ತು. ಬೆಳಗಾಗುವಾಗ ನಾಟಕವೆಲ್ಲ ಬಂದಿತ್ತು, ಕೊನೆಯ ದೃಶ್ಯ ಒಂದನ್ನು ಬಿಟ್ಟು. ಟಿಕ್ ಸದ್ದು ಈಗ ಬಿಡದೆ ಬರುತ್ತಿತ್ತು.

ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ವೇಣು ಪಿಸುಗುಟ್ಟಿದರು. "ಇನ್ನೇನು ಮಗ್ಗ ಶುರುವಾಗುತ್ತೆ. ಈ ಸ್ಥಿತೀಲಿ ಅದು ಆ ನಡುಕ ತಡ್ಕೊಳ್ಳಲ್ಲ. ಸತ್ತೇ ಹೋಗುತ್ತೆ."

"ಮಧ್ಯಾಹ್ನದವರೆಗೆ ಮಗ್ಗ ನಿಂತಿದ್ರೆ ಸಾಕಿತ್ತು. ಮಾವನನ್ನ ಏನಾದ್ರೂ ನೆಪ ಹೇಳಿ ಕೇಳೋಣ್ವಾ?"

"ಮದುವೆ ಸೀರೆ ಆರ್ಡರ್ ಇದೆ. ಹೆಂಡ್ತಿ ಹೆರಿಗೆ ದಿನಾನೇ ಮಗ್ಗ ನಿಲ್ಲಿಸ್ದೋರಲ್ಲ ನಮ್ಮಪ್ಪ."

ಮೂಲೆಯಲ್ಲಿ ಅತ್ತೆ ನಮಗೆ ಬೆನ್ನು ಹಾಕಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಜರಡಿಯ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ಮಗ್ಗದವರು ಬಂದರು. ನಾನು ಪೆಟ್ಟಿಗೆಯ ಮುಂದೆ ಕುಳಿತು ಗೋಡೆಗೆ ಅಂಗೈ ಒತ್ತಿ ಹಿಡಿದೆ, ನಾನೇ ತಡೆಯುವವಳ ಹಾಗೆ. ಗೋಡೆ ನಡುಗಲಿಲ್ಲ. ಬದಲಿಗೆ ಆಚೆಯಿಂದ ಮಾವನ ಕೂಗು ಕೇಳಿಸಿತು.

"ಯಾವನ್ಲಾ ಅವ್ನು, ನಮ್ಮ ಮಗ್ಗದ ಕರೆಂಟ್ ನಿಲ್ಲಿಸ್ದೋನು!"

"ರಾಜರು ನಾಳೆ ಪಾರ್ಟು ಇವತ್ತೇ ಶುರು ಮಾಡಿದ್ರು" ಎಂದ ಮಗ್ಗದ ಪಿಳ್ಳಣ್ಣ. ಎಲ್ಲರೂ ನಕ್ಕರು.

ಮನೆಯ ಲೈನು ಬೇರೆ, ಅದಕ್ಕೇನೂ ಆಗಿರಲಿಲ್ಲ. ಲೈನ್‌ಮ್ಯಾನ್ ಬೈರಣ್ಣ ಬಂದು ಮಗ್ಗದ ಶೆಡ್ಡಿನ ಬೋರ್ಡು ತೆರೆದು ನೋಡಿದ. "ಫ್ಯೂಸ್ ಹೋಗಿಲ್ಲ ಯಜಮಾನ್ರೇ, ಫ್ಯೂಸೇ ಇಲ್ಲ! ಯಾರೋ ಕಿತ್ಕೊಂಡಿದಾರೆ. ಇಂಥ ಹಳೇ ಪಿಂಗಾಣಿದು ನನ್ನ ಹತ್ರ ಇಲ್ಲ. ಅಂಗಡಿ ತೆಗೀಲಿ, ತರ್ತೀನಿ."

ವೇಣು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ನಾನಲ್ಲ ಎಂದು ಇಬ್ಬರೂ ತಲೆಯಾಡಿಸಿದೆವು. ಡಿಸ್ಕು ಮಾತ್ರ ತೆವಳುತ್ತಿತ್ತು. ಅರ್ಧ. ಮುಕ್ಕಾಲು. ಅಲ್ಲಿ ನಿಂತಿತು. ಮತ್ತೆ ಹೊರಟಿತು. ಕೊನೆಗೆ ಪರದೆಯ ಮೇಲಿನ ಗೆರೆ ತುಂಬಿದಾಗ ವೇಣು ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. ಹೊಸ ಡಿಸ್ಕಿನಿಂದಲೇ ಆ ದೃಶ್ಯ ಹಾಕಿ ನೋಡಿದೆವು. ರಾಜ ಬಿದ್ದ, ಮೊಣಕೈಯೂರಿದ, ಎದ್ದು ಹಾಡಿದ. ಜನ ಸಿಳ್ಳೆ ಹೊಡೆದರು.

"ಆಯ್ತೇನಮ್ಮಾ ನಿಮ್ಮ ಡಬ್ಬದ ಕೆಲ್ಸ?" ಅಡುಗೆಮನೆಯಿಂದ ಅತ್ತೆ ಕೇಳಿದರು.

"ಆಯ್ತು ಅತ್ತೆ."

ಸ್ವಲ್ಪ ಹೊತ್ತಿನಲ್ಲೇ ಶೆಡ್ಡಿನಿಂದ ಅವರ ದನಿ ಬಂತು. "ಅಯ್ಯೋ, ಇಲ್ಲೇ ಬಿದ್ದೈತಲ್ಲೋ, ನೂಲಿನ ಬುಟ್ಟೀಲಿ! ಕಣ್ಣು ಎಲ್ಲಿಟ್ಟಿದ್ರಿ ಎಲ್ಲಾರೂ? ಅಕ್ಷತಾ, ತಗೊಂಡೋಗಿ ಬೈರಣ್ಣಂಗೆ ಕೊಡು."

ನನ್ನ ಅಂಗೈಗೆ ಬಂದ ಬಿಳಿಯ ಪಿಂಗಾಣಿಯ ಸಂದಿಯಲ್ಲಿ ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ಅತ್ತೆಯ ಮುಖ ನೋಡಿದೆ. ಅವರು ನೂಲಿನ ಬುಟ್ಟಿಯನ್ನು ಸರಿಮಾಡುತ್ತ ಪಿಳ್ಳಣ್ಣನನ್ನು ಗದರುತ್ತಿದ್ದರು. ಬೈರಣ್ಣನ ಹತ್ತಿರ ಹೋಗುವಷ್ಟರಲ್ಲಿ ಸೆರಗಿನ ತುದಿಯಿಂದ ಅದನ್ನು ಚೆನ್ನಾಗಿ ಒರೆಸಿದ್ದೆ.

ಭಾನುವಾರ ನಡುಮನೆ ತುಂಬಿತ್ತು. ಹಾರ್ಮೋನಿಯಂ ಮೇಷ್ಟ್ರು ಟಿವಿಯ ಜೊತೆಗೇ ಶ್ರುತಿ ಹಿಡಿದರು. ಮಾವ ಕಣ್ಣೊರೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆ, "ಮುಲ್ಲಂಗಿ ಬಂತು ನೋಡಿ" ಎಂದು ಎಲ್ಲರನ್ನೂ ನಗಿಸಿದರು. ಕೊನೆಯ ದೃಶ್ಯ ಬಂದಾಗ ಎಲ್ಲರೂ ಟಿವಿ ನೋಡುತ್ತಿದ್ದರು, ನಾನು ಅತ್ತೆಯನ್ನು. ಅವರ ತುಟಿಗಳು ಪದದ ಒಂದಕ್ಷರವನ್ನೂ ಬಿಡದೆ ಆಡುತ್ತಿದ್ದವು.

ನೆಂಟರು ಹೋದ ಮೇಲೆ ವೇಣು, "ಅಲ್ಲಾ ಕಣೇ, ಆ ಫ್ಯೂಸು ಕಿತ್ತಿದ್ದು ಯಾರಿರಬಹುದು?" ಎಂದರು.

"ಯಾರೋ ತುಂಟ ಹುಡುಗರಿರಬೇಕು" ಎಂದೆ. ಅವರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಾನು ಆಗಲೇ ನಿಶ್ಚಯಿಸಿಕೊಂಡಿದ್ದೆ.