ಹೊಳೆಯಲ್ಲಿ ಕಡಿಮೆಯಾದ ರಟ್ಟು

ಎರಡನೆಯ ಮಹಾಯುದ್ಧ ಜೋರಾಗಿ ಗಿರಣಿ ಕಾಗದ ಸಿಗದಂತಾದಾಗ ಗಂಗಾವತಿಯ ಹಾಜಿಸಾಬನ ರಟ್ಟಿಗೆ ಬೇಡಿಕೆ ಬಂತು. ಹರಕು ಗೋಣಿ, ಹಳೆಯ ಹಗ್ಗ ನೆನೆಹಾಕಿ ಕುಟ್ಟಿ, ಆ ತಿಳಿಯಿಂದ ಜರಡಿಯಲ್ಲಿ ಹಾಳೆ ಎತ್ತಿ, ಒಂದರ ಮೇಲೊಂದು ಅಂಟಿಸಿ ಅವನು ರಟ್ಟು ಮಾಡುತ್ತಿದ್ದ. ಕೊಳ್ಳುವವರು ಹೊಸಪೇಟೆಯ ವ್ಯಾಪಾರಿಗಳು. ಹೊಸಪೇಟೆ ತುಂಗಭದ್ರೆಯ ಆಚೆ, ಇಂಗ್ರೇಜರ ಸೀಮೆ, ಈಚೆಯದು ನಿಜಾಮರದು. ರಟ್ಟನ್ನು ಆಚೆ ದಾಟಿಸುತ್ತಿದ್ದವಳು ಆನೆಗೊಂದಿ ಹತ್ತಿರದ ಕಡವಿನಲ್ಲಿ, ಹೊಳೆ ದಾಟುವ ಜಾಗದಲ್ಲಿ, ಸರಕಾರದ ಅಪ್ಪಣೆ ಪಡೆದು ಹರಿಗೋಲು ಹಾಕುತ್ತಿದ್ದ ಹುಲಗಮ್ಮ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಹುಟ್ಟು ಅವಳ ಕೈಗೆ ಬಂದಿತ್ತು.

ದೀಪಾವಳಿ ಮುಗಿಯುತ್ತಲೇ ಈಚೆ ದಂಡೆಯ ಸುಂಕದ ನಾಕಾಕ್ಕೆ ಹುಕುಂ ಬಂತು: ಎರಡು ಸೀಮೆಗಳ ನಡುವೆ ಎಷ್ಟು ಕಾಗದ, ಎಷ್ಟು ರಟ್ಟು ಹೋಗಿಬರುತ್ತದೆಂದು ತಾಳೆ ನೋಡಿ ತಿಳಿಸಬೇಕು. ನಾಕಾದ ಅಮೀನ ಕರಿಬಸಪ್ಪ ಆಚೆ ದಂಡೆಯ ನಾಕಾದವರೊಂದಿಗೆ ಕುಳಿತು ಲೆಕ್ಕ ಹಾಕಿದ. ಬಿಳಿ ಕಾಗದವೆಲ್ಲ ಆ ಕಡೆಯಿಂದ ಬರುತ್ತಿತ್ತು. ಈ ವರ್ಷ ಅರ್ಧವೂ ಬಂದಿರಲಿಲ್ಲ. ರಟ್ಟು ಈ ಕಡೆಯಿಂದ ಹೋಗುತ್ತಿತ್ತು. ಹೋದ ವರ್ಷದ ಎರಡರಷ್ಟು ಹೋಗಿತ್ತು. ಆದರೆ ಇಲ್ಲಿ ಹೊರಟದ್ದಕ್ಕಿಂತ ಅಲ್ಲಿ ಇಳಿದದ್ದು ಹನ್ನೆರಡು ಕಟ್ಟು ಕಡಿಮೆ.

ಕಾಗದ, ರಟ್ಟು ಕದ್ದುಮುಚ್ಚಿ ಮಾರುವವರನ್ನು ಜೈಲಿಗೆ ಹಾಕುತ್ತಿದ್ದ ಕಾಲ. ಕರಿಬಸಪ್ಪ ಹಾಜಿಸಾಬನನ್ನು ಕರೆಸಿದ.

“ಸಾಬರ, ಹನ್ನೆರಡು ಕಟ್ಟು ಎಲ್ಲಿ ಹೋದ್ವು?”

“ಗೊತ್ತಿಲ್ರಿ.”

“ನಿಮ್ಮ ಮಾಲು ನಿಮಗ ಗೊತ್ತಿಲ್ಲಂದ್ರ ಹೆಂಗ್ರಿ? ಇದು ಜೇಲಿನ ಮಾತು, ನೋಡ್ರಿ.”

ಹಾಜಿಸಾಬ ಮತ್ತೆ ಅದನ್ನೇ ಹೇಳಿದ. ಆದರೆ ಅವನಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಒಂದು ದಿನ ನಾಕಾ ದಾಟಿದ ಹನ್ನೆರಡು ಕಟ್ಟು ರಟ್ಟು ಹರಿಗೋಲಿಗೆ ಏರಿದ ಮೇಲೆ ಹೊಳೆ ಉಕ್ಕಿ ಬಂದು, ಹರಿಗೋಲು ಹಾಕಬಾರದೆಂದು ಅಪ್ಪಣೆಯಾಗಿತ್ತು. ಸಂಜೆ ಹನುಮನಹಳ್ಳಿಯ ಫಾತಿಮಾಬೀಯನ್ನು ಹೆರಿಗೆ ನೋವಿನಲ್ಲಿ, ಹೊಸಪೇಟೆಯ ಆಸ್ಪತ್ರೆಗೆ ಒಯ್ಯಬೇಕೆಂದು ಎತ್ತಿಕೊಂಡು ಬಂದರು. ರಟ್ಟು ಇಳಿಸುವಷ್ಟು ಪುರಸೊತ್ತಿಲ್ಲದೆ ಹುಲಗಮ್ಮ ಹಾಗೆಯೇ ಹರಿಗೋಲು ಬಿಟ್ಟಳು. ನಡುಹೊಳೆಯಲ್ಲಿ ನೀರು ಒಳನುಗ್ಗಿದಾಗ ಕಟ್ಟುಗಳನ್ನೆಲ್ಲ ಹೊಳೆಗೆ ತಳ್ಳಿದಳು. ಮರುದಿನ ಬಂದು ಹೇಳಿದಾಗ ಹಾಜಿಸಾಬ, “ರಟ್ಟು ಮತ್ತ ಮಾಡೂಣು. ಯಾರ ಮುಂದೂ ಅನಬ್ಯಾಡ ತಂಗಿ, ಕಡವು ಕಳಕೊಂತಿ” ಎಂದಿದ್ದ.

ಅವನನ್ನು ನಾಕಾದಲ್ಲಿ ಕೂಡಿಹಾಕಿದ್ದಾರೆಂದು ಕೇಳಿದ ಹುಲಗಮ್ಮ ನೇರವಾಗಿ ಅಲ್ಲಿಗೆ ಬಂದಳು.

“ರಟ್ಟು ನಾ ಹೊಳಿಗೆ ಒಗದೀನ್ರಿ. ಒಗೀಲಿಲ್ಲಂದ್ರ ಆ ಬಸುರಿ ಹೆಣಮಗಳು ಮುಳುಗತಿದ್ಲು.”

“ಹುಕುಂ ಮೀರಿ ಹರಿಗೋಲು ಹಾಕಿದಿ?”

“ಹೂನ್ರಿ. ಅಂಥಾಕಿ ಮತ್ತ ಬಂದ್ರ ಮತ್ತ ಹಾಕ್ತೀನಿ.”

ಕರಿಬಸಪ್ಪ ಫಾತಿಮಾಬೀಯ ಗಂಡನನ್ನು ಕರೆಸಿ ಕೇಳಿದ. ಅವನೂ ಅದನ್ನೇ ಹೇಳಿದ, ಹೆಂಡತಿ ಉಳಿದದ್ದು ಹುಲಗಮ್ಮನಿಂದಲೇ ಎಂದ. ಹನ್ನೆರಡು ಕಟ್ಟು ಹೊಳೆ ಪಾಲಾಯಿತೆಂದು ವರದಿ ಹೋಯಿತು, ಹಾಜಿಸಾಬ ಬಿಡುಗಡೆಯಾದ. ಆದರೆ ಹುಕುಂ ಮೀರಿದ್ದಕ್ಕೆ ಹುಲಗಮ್ಮನ ಕಡವು ಬೇರೆಯವನ ಪಾಲಾಯಿತು.

ಹೊರಗೆ ಬಂದು ಹಾಜಿಸಾಬ ಸಿಟ್ಟಾದ. “ನಾ ಗೊತ್ತಿಲ್ಲಂದದ್ದು ಎದಕ್ಕ ಹಂಗಾರ?”

“ನಿಮ್ಮನ್ನ ಜೇಲಿಗೆ ಕಳಿಸಿ ನಾ ಹೆಂಗ ಹುಟ್ಟು ಹಾಕಲ್ರಿ?” ಎಂದಳು ಹುಲಗಮ್ಮ.

ಆ ಚಳಿಗಾಲ ಅವಳು ಹಾಜಿಸಾಬನ ಮನೆಯಲ್ಲಿ ಗೋಣಿ ಕುಟ್ಟಿದಳು. ನಾಲ್ಕು ಗೋಡೆಗಳ ನಡುವೆ ಕೂತು ಮಾಡುವ ಕೆಲಸ ಅವಳಿಗೆ ಸೇರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ಬೇಸಗೆಯಲ್ಲಿ ಹನುಮನಹಳ್ಳಿಯವರು ಕೂಡಿ ಅಮೀನನ ಬಳಿ ಹೋಗಿ, ಹೊಸಬನ ಹರಿಗೋಲಿನಲ್ಲಿ ತಮ್ಮ ಹೆಂಗಸರು ಕೂರಲು ಹೆದರುತ್ತಾರೆ, ಕಡವು ಹುಲಗಮ್ಮನಿಗೇ ಕೊಡಬೇಕೆಂದು ಕೇಳಿಕೊಂಡರು. ಕರಿಬಸಪ್ಪ ಮೇಲಿನವರಿಗೆ ಶಿಫಾರಸು ಮಾಡಿದ. ಮುಂಗಾರಿಗೆ ಮೊದಲೇ ಹುಲಗಮ್ಮನಿಗೆ ಕಡವು ಮರಳಿ ಸಿಕ್ಕಿತು.