ಇಳಿಜಾರಿನ ಗೇರ್

"ಡೋರೀನ್, ಸುಟ್ಟ ವಾಸನೆ ಬರ್ತಾ ಇದೆ ಕಣೇ," ಅಂದಳು ಗ್ಲೆನಿಸ್, ಮಡಿಲಲ್ಲಿದ್ದ ಹೂವಿನ ಚಕ್ರವನ್ನು ಎದೆಗೆ ಅವುಚಿಕೊಂಡು.

"ಕಾಡಿಗೆ ಬೆಂಕಿ ಬಿದ್ದಿದೆಯಲ್ಲ, ಅದೇ ಇರ್ಬೇಕು."

"ಕಾಡಿನ ಹೊಗೆ ನಂಗೆ ಗೊತ್ತಿಲ್ವಾ? ಇದು ನಮ್ಮ ಗಾಡೀದೇ."

ಘಟ್ಟದ ಮೊದಲ ತಿರುವಿನಲ್ಲಿ ಬ್ರೇಕಿನ ಮೇಲೆ ಇಟ್ಟ ಕಾಲನ್ನು ಡೋರೀನ್ ಇನ್ನೂ ಎತ್ತಿರಲಿಲ್ಲ. ಹಿಂದೆ ಎರಡೂವರೆ ಟನ್ನಿನ ಕ್ಯಾರವಾನ್, ಗಾಲಿಯ ಮೇಲಿನ ಅವಳ ಮನೆ, ಬೆನ್ನಿಗೆ ಕೈಯಿಟ್ಟಂತೆ ಕಾರನ್ನು ಕೆಳಕ್ಕೆ ನೂಕುತ್ತಿತ್ತು. ಎಪ್ಪತ್ತೊಂದು ವರ್ಷದ ಹೆಂಗಸು, ಕಪ್ಪು ಉಡುಪು ತೊಟ್ಟು ಗಂಡನ ಮಣ್ಣಿಗೆ ಹೊರಟಿದ್ದಳು. ಘಟ್ಟದ ಕೆಳಗೆ ವೈಬಾರಾ ಊರಿನ ಚರ್ಚಿನಲ್ಲಿ ಎರಡು ಗಂಟೆಗೆ ಲಯಲ್‌ನ ಅಂತ್ಯಕ್ರಿಯೆ.

ಗ್ಲೆನಿಸ್ ಲಯಲ್‌ನ ಅಕ್ಕ. ತಮ್ಮನ ಹೆಂಡತಿಯನ್ನು ಕರೆದೊಯ್ಯಲೆಂದು ನಿನ್ನೆ ಬಸ್ಸಿನಲ್ಲಿ ಘಟ್ಟದ ಮೇಲಿನ ಕ್ಯಾರವಾನ್ ಪಾರ್ಕಿಗೆ ಬಂದಿದ್ದಳು. ಗ್ಲೆನಿಸ್‌ಗೆ ಓಡಿಸಲು ಬಾರದು; ಡೋರೀನ್ ಹೇಗೋ ಬರೀ ಕಾರನ್ನು ಇಳಿಸುವುದು, ಕ್ಯಾರವಾನ್ ಅಲ್ಲೇ ಇರಲಿ ಎಂದು ಮಾತಾಗಿತ್ತು. ಆದರೆ ಬೆಳಿಗ್ಗೆ ಗಾಳಿ ತಿರುಗಿತು. ಬೆಂಕಿ ಆರಿಸುವವರು ಬಂದು ಒಂದು ಗಂಟೆಯೊಳಗೆ ಎಲ್ಲರೂ ಜಾಗ ಖಾಲಿ ಮಾಡಿ ಎಂದರು. ಎಲ್ಲರಿಗೂ ಅವರವರ ಗಾಡಿಯ ಚಿಂತೆ. ಪಕ್ಕದವನು ಕ್ಯಾರವಾನನ್ನು ಕಾರಿಗೆ ಸಿಕ್ಕಿಸಿ ಕೊಟ್ಟು, "ಬಿಟ್ಟು ಹೋಗೋದೇ ವಾಸಿ, ಡೋರೀನ್. ನಿಮಗೆ ಅಭ್ಯಾಸ ಇಲ್ಲ," ಅಂದ.

"ಮನೆ ಮಾರಿ ಹತ್ತು ವರ್ಷ ಆಯ್ತು," ಅಂದಿದ್ದಳು ಅವಳು. "ಇದೂ ಸುಟ್ಟುಹೋದ್ರೆ ನಂಗೆ ಉಳಿಯೋದು ಮೈಮೇಲಿನ ಬಟ್ಟೆ."

ಈಗ ಎರಡನೇ ತಿರುವು. ಬ್ರೇಕು ಮೆತ್ತಗಾಗಿತ್ತು. ಒತ್ತಿದಷ್ಟೂ ಒಳಗೆ ಹೋಗುತ್ತಿತ್ತು.

*

ಮನೆ ಮಾರಿದ ವರ್ಷವೇ ಅವಳು ಒಮ್ಮೆ ಓಡಿಸಿದ್ದಳು. ಬೇರೆ ಘಟ್ಟ. ಪಕ್ಕದಲ್ಲಿ ಲಯಲ್, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು.

"ಇಳಿಯೋಕೆ ಮುಂಚೆನೇ ಗೇರ್ ತಗ್ಗಿಸ್ಬೇಕು," ಎಂದು ಹೇಳಿಕೊಟ್ಟಿದ್ದ. "ಗೇರಿನ ಕೋಲನ್ನ 'ಡಿ' ಅಕ್ಷರದ ಮೇಲೇ ಬಿಟ್ರೆ ಗೇರು ತಾನಾಗೇ ಮೇಲಕ್ಕೆ ಹೋಗುತ್ತೆ. ಹಿಂದೆ ಒಂದು ಮನೆ ಕಟ್ಟಿದೀವಿ ಅಂತ ಅದಕ್ಕೇನು ಗೊತ್ತು ಪಾಪ? ಕೋಲನ್ನ ಪಕ್ಕಕ್ಕೆಳೆದು ಎರಡಕ್ಕೆ ತಾ. ಗಾಡೀನ ಎಂಜಿನ್ನೇ ಹಿಡ್ಕೊಳುತ್ತೆ. ಬ್ರೇಕ್ ಮೇಲೆ ಕಾಲಿಟ್ಟು ಕೂತಿರ್ಬೇಡ. ಒಂದ್ಸಲ ಗಟ್ಟಿಯಾಗಿ ಒತ್ತು, ಬಿಡು, ತಣ್ಣಗಾಗ್ಲಿ."

ಅವಳು ಗಾಬರಿಯಲ್ಲಿ ಎಲ್ಲ ಮರೆತಳು. ಚಕ್ರದಿಂದ ಹೊಗೆ ಎದ್ದಿತು. ಲಯಲ್ ರಸ್ತೆ ಬದಿಯಲ್ಲಿ, ನಾಲ್ಕು ಲಾರಿಯವರ ಎದುರಿಗೆ, "ಇಳಿ ಕೆಳಗೆ! ಇಬ್ಬರನ್ನೂ ಕೊಲ್ತೀಯಾ?" ಎಂದು ಕೂಗಿದ. ಒಬ್ಬ ಲಾರಿಯವನು ನಕ್ಕಿದ್ದ.

ಸಂಜೆ ಟೀ ಮಾಡಿಕೊಂಡು ಬಂದು, ತಪ್ಪಾಯ್ತು ಅಂದ. ಅವಳು ಟೀ ತೆಗೆದುಕೊಂಡಳು, ಮಾತು ತೆಗೆದುಕೊಳ್ಳಲಿಲ್ಲ. "ನಿನ್ನ ಸ್ಟೀರಿಂಗ್ ನಿಂಗೇ ಇರ್ಲಿ. ಇನ್ನು ಸತ್ರೂ ಮುಟ್ಟಲ್ಲ."

ಆಮೇಲೂ ವರ್ಷಕ್ಕೊಂದೆರಡು ಸಲ, ನೇರವಾದ ಖಾಲಿ ರಸ್ತೆ ಸಿಕ್ಕಾಗ, ಅವನು ಗಾಡಿ ನಿಲ್ಲಿಸಿ, ಓಡಿಸ್ತೀಯಾ ಎಂಬಂತೆ ಬೀಗದಕೈ ಆಡಿಸಿ ತೋರಿಸುತ್ತಿದ್ದ. ಅವಳು ಪದಬಂಧದ ಪುಸ್ತಕ ಬಿಚ್ಚುತ್ತಿದ್ದಳು.

*

"ಏನಾದ್ರೂ ಮಾಡೇ!" ಗ್ಲೆನಿಸ್ ಕಿರುಚಿದಳು.

ಡೋರೀನ್ ಕೋಲನ್ನು ಪಕ್ಕಕ್ಕೆ ಎಳೆದು ಕೆಳಗಿನ ಗೇರಿಗೆ ತಳ್ಳಿದಳು. ಕಾರು ಕೀಂಯ್ ಎಂದಿತೇ ಹೊರತು ಒಪ್ಪಲಿಲ್ಲ. ವೇಗ ತೊಂಬತ್ತು. ಇಷ್ಟು ವೇಗದಲ್ಲಿ ಅದು ಎರಡಕ್ಕೆ ಇಳಿಯುವುದಿಲ್ಲ. ಕ್ಯಾರವಾನಿನ ಹಿಂಬದಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡತೊಡಗಿತು. ಎಡಗಡೆ ಕಬ್ಬಿಣದ ತಡೆ, ಅದರಾಚೆ ಬರೀ ಮರದ ತುದಿಗಳು.

ಅವಳು ಬ್ರೇಕಿನಿಂದ ಕಾಲು ಎತ್ತಿದಳು.

"ಅಯ್ಯೋ, ಏನೇ ಮಾಡ್ತಾ ಇದೀಯ!"

ಒಂದು, ಎರಡು, ಮೂರು ಎಣಿಸಿದಳು. ಆಮೇಲೆ ಸೀಟಿನಿಂದ ಏಳುವಷ್ಟು ಬಲವಾಗಿ ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಎಂಬತ್ತು. ಕೋಲು ಎಳೆದಳು, ನಾಲ್ಕು ಹಿಡಿಯಿತು. ಎಪ್ಪತ್ತು, ಮೂರು. ಮತ್ತೊಮ್ಮೆ ಒತ್ತಿ ಎಳೆದಾಗ ಎರಡು. ಎಂಜಿನ್ ಗಂಟಲು ಹರಿಯುವಂತೆ ಅರಚಿತು. ಬೆಲ್ಟು ಇಬ್ಬರ ಎದೆಯನ್ನೂ ಬಿಗಿಯಿತು. ಆ ಅರಚಾಟದಲ್ಲೇ ಗಾಡಿ ನಿಧಾನವಾಗಿ, ತಿರುವಿನ ಮೇಲೆ ತಿರುವು ಇಳಿದು, ಕೆಳಗೆ ಲಾರಿ ನಿಲ್ಲುವ ಬಯಲಿನಲ್ಲಿ ನಿಂತಿತು.

ಚಕ್ರಗಳಿಂದ ನೀಲಿ ಹೊಗೆ ಏಳುತ್ತಿತ್ತು. ಗ್ಲೆನಿಸ್ ಅಳುತ್ತಾ ನಗುತ್ತಿದ್ದಳು. "ಬಂತಲ್ಲೇ ನಿಂಗೆ! ಹತ್ತು ವರ್ಷ ಬರಲ್ಲ ಬರಲ್ಲ ಅಂತಿದ್ದೆ!"

ಡೋರೀನ್ ಸ್ಟೀರಿಂಗಿಗೆ ಹಣೆ ಹಚ್ಚಿದಳು.

"ಅವನು ಕೇಳಿದ್ದ, ಗ್ಲೆನಿಸ್."

"ಏನು?"

"ಹೋದ ಮಂಗಳವಾರ."

*

ಮಂಗಳವಾರ ಅವರು ಪಶ್ಚಿಮದ ಬಯಲಿನಿಂದ ಬರುತ್ತಿದ್ದರು. ಫೋನಿಗೆ ಸಿಗ್ನಲ್ ಸಿಗದ ದಾರಿ. ಲಯಲ್ ಬೆಳಿಗ್ಗೆಯಿಂದ ಎಡದ ತೋಳು ಉಜ್ಜಿಕೊಳ್ಳುತ್ತಿದ್ದ. ಬರೀ ಗ್ಯಾಸು ಅಂದ. ಒಂದು ಕಡೆ ಗಾಡಿ ನಿಲ್ಲಿಸಿ, ಬೆವರು ಒರೆಸಿಕೊಂಡು, "ಸ್ವಲ್ಪ ದೂರ ನೀನು ಓಡಿಸ್ತೀಯಾ?" ಅಂದ.

ಅವಳು ಎಂದಿನ ತಮಾಷೆ ಎಂದುಕೊಂಡಳು. ಪದಬಂಧದಿಂದ ತಲೆ ಎತ್ತದೆ, "ಕನಸು ಕಾಣು," ಅಂದಳು.

ಅವನು ನಕ್ಕು ಮತ್ತೆ ಹೊರಟ. ನಾಲ್ಕು ಗಂಟೆ ಓಡಿಸಿದ. ಘಟ್ಟದ ಮೇಲಿನ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲಿಗೆ ಒರಗಿದವನು ಮತ್ತೆ ಏಳಲಿಲ್ಲ. ಕೂಡಲೇ ಬಂದಿದ್ದರೆ ಬದುಕುತ್ತಿದ್ದರೇನೋ, ಎದೆನೋವು ಯಾವಾಗ ಶುರುವಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದರು. ಗೊತ್ತಿಲ್ಲ ಅಂದಳು.

*

ಅದನ್ನೆಲ್ಲ ಕೇಳಿದ ಗ್ಲೆನಿಸ್ ಬಾಗಿಲು ತೆಗೆದು ಇಳಿದು ಹೋದಳು. ಬೇಲಿಯ ಹತ್ತಿರ ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತಳು. ಹಿಂತಿರುಗಿ ಬಂದಾಗ ಅವಳ ಮುಖ ಕಲ್ಲಿನಂತಿತ್ತು.

"ಎರಡಕ್ಕೆ ಇಪ್ಪತ್ತು ನಿಮಿಷ ಇದೆ. ಹೊರಡು," ಅಂದಳು.

ಚರ್ಚಿನಲ್ಲಿ ಬೇರೆ ಸಾಲಿನಲ್ಲಿ ಕೂತಳು.

ಸ್ಮಶಾನಕ್ಕೆ ಶವದ ಕಾರಿನ ಹಿಂದೆಯೇ ಡೋರೀನ್ ಕ್ಯಾರವಾನನ್ನೂ ಎಳೆದುಕೊಂಡು ಹೋದಳು. ಕ್ಯಾರವಾನ್ ಬಿಡಲು ಊರಲ್ಲೆಲ್ಲೂ ಜಾಗವಿರಲಿಲ್ಲ, ಘಟ್ಟದಿಂದ ಇಳಿದವರ ಗಾಡಿಗಳೇ ತುಂಬಿದ್ದವು. ಮಣ್ಣು ಹಾಕಿದ ಮೇಲೆ ಜನ ಸುತ್ತ ನಿಂತು ಮಾತಾಡಿದರು.

"ಊರಿನ ಅರ್ಧ ಹೋಂವರ್ಕು ಲಯಲ್ ಬಸ್ಸಲ್ಲೇ ಆಗಿದ್ದು," ಅಂದ ಬ್ರೆಟ್, ಚಿಕ್ಕವನಿದ್ದಾಗ ಅದೇ ಬಸ್ಸಿನಲ್ಲಿ ಹೋಗುತ್ತಿದ್ದವನು. "ಪೆನ್ಸಿಲ್ ಅಲುಗದ ಹಾಗೆ ಓಡಿಸ್ತಿದ್ದ ಪುಣ್ಯಾತ್ಮ."

"ಅದಕ್ಕೇ ನಿನ್ನ ಲೆಕ್ಕ ಎಲ್ಲಾ ತಪ್ಪು," ಅಂದಳು ಅವನ ಹೆಂಡತಿ.

"ಅವು ಅವನೇ ಹೇಳಿಕೊಟ್ಟ ಲೆಕ್ಕ ಕಣೇ."

ಕೆಲವರು ನಕ್ಕರು. ಡೋರೀನ್ ಆ ನಗುವಿನ ನಡುವೆಯೇ ಕಾರಿನತ್ತ ನಡೆದಳು.

ದಾರಿ ಕಿರಿದು. ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ಹೋಗಬೇಕು. ಬ್ರೆಟ್ ಓಡಿ ಬಂದು ಕೈ ಚಾಚಿದ. "ಬೀಗದಕೈ ಕೊಡಿ, ನಾನು ತೆಗೀತೀನಿ. ಎಲ್ಲಿಗೆ ಬಿಡ್ಲಿ?"

ಎಲ್ಲಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಬೀಗದಕೈ ಕೊಡದೆ ಒಳಗೆ ಕೂತು ರಿವರ್ಸಿಗೆ ಹಾಕಿದಳು. ಕ್ಯಾರವಾನ್ ಸೊಟ್ಟಗೆ ಹೋಯಿತು. ಮುಂದಕ್ಕೆ ತಂದು ಮತ್ತೆ ಹಿಂದಕ್ಕೆ ಬಿಟ್ಟಳು. ಮತ್ತೂ ಸೊಟ್ಟ. ಕಪ್ಪು ಬಟ್ಟೆಯ ಜನ ಎರಡೂ ಕಡೆ ಸಾಲಾಗಿ ನಿಂತರು. ಯಾರೂ ಕೂಗಲಿಲ್ಲ.

ಬಲಗಡೆಯ ಕನ್ನಡಿಯಲ್ಲಿ ಗೇಟಿನ ಕಲ್ಲುಕಂಬ ಹತ್ತಿರವಾಗುತ್ತಿತ್ತು. ಅದರ ಪಕ್ಕ ಗ್ಲೆನಿಸ್ ಬಂದು ನಿಂತಳು. ಬಾ ಎನ್ನಲಿಲ್ಲ, ನಿಲ್ಲು ಎನ್ನಲಿಲ್ಲ. ಕಪ್ಪು ಕೈಚೀಲ ಕೆಳಗಿಟ್ಟು, ತನ್ನ ಅಂಗೈಯನ್ನು ಕಂಬದ ಅಂಚಿಗೆ ಒತ್ತಿ ಹಿಡಿದಳು. ಕ್ಯಾರವಾನ್ ತಗುಲುವುದಾದರೆ ಮೊದಲು ಆ ಕೈಗೇ ತಗುಲಬೇಕು.