ಗಾಜಿಗೆ ಬಡಿದ ಹಕ್ಕಿಗಳು

ಗಾಜು ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಊರಂಚಿನ ಕಾಡಿಗೆ ಮುಖ ಮಾಡಿ ಗ್ರಂಥಾಲಯ ಕಟ್ಟಿದಾಗ ಉತ್ತರದ ಗೋಡೆಗೆ ಎರಡಾಳೆತ್ತರದ ಗಾಜು ಹಾಕಿದವನು ಅವನೇ. ಗಾಜು ಇದೆಯೋ ಇಲ್ಲವೋ ತಿಳಿಯದಷ್ಟು ನಿರ್ಮಲ. ಉದ್ಘಾಟನೆಯ ದಿನ ಯಾರೋ ದೊಡ್ಡ ಮನುಷ್ಯರು ನೇರ ನಡೆದು ಮೂಗು ಜಜ್ಜಿಕೊಂಡದ್ದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಅವನ ಅಕ್ಕ ಅಲ್ಲೇ ಗುಡಿಸಿ ಒರೆಸುವ ಕೆಲಸಕ್ಕಿದ್ದಳು. ಮೂರನೆಯ ವರ್ಷ, ಎಲೆ ಉದುರುವ ಕಾಲದಲ್ಲಿ ಅವಳಿಗೆ ಸೊಂಟ ಹಿಡಿದುಕೊಂಡಿತು. ಒಂದು ವಾರ ತನ್ನ ಬದಲಿಗೆ ಹೋಗಿಬಾ ಎಂದು ತಮ್ಮನನ್ನು ಕೇಳಬೇಕಾಯಿತು. ಕೇಳುವಾಗ ಯಾಕೋ ಹಿಂದೆಮುಂದೆ ನೋಡಿದಳು.

ಮೊದಲ ಬೆಳಗ್ಗೆಯೇ ಕಾರಣ ತಿಳಿಯಿತು. ಗಾಜಿನಲ್ಲಿ ಕಾಡಿನ ಪ್ರತಿಬಿಂಬ ಅಚ್ಚೊತ್ತಿದಂತೆ ನಿಂತಿತ್ತು. ಬುಡದಲ್ಲಿ ಹನ್ನೊಂದು ಹಕ್ಕಿಗಳು ಬಿದ್ದಿದ್ದವು. ಹೆಬ್ಬೆರಳಿಗಿಂತ ತುಸು ದೊಡ್ಡವು, ಹಸಿರು ಬೆನ್ನು, ತೆಳು ಹಳದಿ ಹೊಟ್ಟೆ. ಒಂದರ ಕಾಲಲ್ಲಿ ಪುಟ್ಟ ಉಂಗುರ, ಅದರ ಮೇಲೆ ನಂಬರು. ಅದು ಸತ್ತಿತ್ತು; ಬೇರೊಂದಕ್ಕೆ ಮಾತ್ರ ಇನ್ನೂ ಉಸಿರಿತ್ತು. ಪೊರಕೆ ಇಡುವ ಕೋಣೆಯಲ್ಲಿ ಅಕ್ಕನ ರಟ್ಟಿನ ಪೆಟ್ಟಿಗೆ ಕಂಡಿತು: ಒಳಗೆ ಹಳೆ ಟವೆಲ್, ಮುಚ್ಚಳದಲ್ಲಿ ತೂತುಗಳು. ಅದು ಯಾಕೆಂದು ಯಾರೂ ಹೇಳಬೇಕಿರಲಿಲ್ಲ. ಉಸಿರಿದ್ದ ಹಕ್ಕಿಯನ್ನು ಅದರಲ್ಲಿ ಮಲಗಿಸಿದ.

ಸಂಜೆ ಅಕ್ಕನ ಮಂಚದ ಪಕ್ಕ ಕೂತ.

"ಎಷ್ಟು ದಿನದಿಂದ ಹೀಗೆ?"

"ಗಾಜು ಹಾಕಿದಾಗಿಂದ. ಚಳಿಗೆ ಮುಂಚೆ ದಕ್ಷಿಣಕ್ಕೆ ಹೋಗ್ತಾವಲ್ಲ, ಆವಾಗ ಜಾಸ್ತಿ."

"ನಂಗೊಂದು ಮಾತು ಹೇಳಬಾರದಿತ್ತಾ?"

"ಆ ಗಾಜಿನ ಸುದ್ದಿ ಎತ್ತಿದ್ರೆ ನಿನ್ನ ಮುಖ ಊರಗಲ ಆಗುತ್ತೆ ಕಣೋ. ಹೇಗೆ ಹೇಳ್ಲಿ?"

ಸತ್ತವನ್ನು ಬೇಲಿಯ ಕೆಳಗೆ ಹೂಳುತ್ತಿದ್ದೆ, ಎಣಿಸಿಲ್ಲ ಎಂದಳು ಅಕ್ಕ. ಎಣಿಸಿದ್ದಾಳೆಂದು ಅವನಿಗೆ ಗೊತ್ತಾಯಿತು.

ಗ್ರಂಥಪಾಲಕಿಯನ್ನು ಕೇಳಿ ಹಕ್ಕಿಗಳ ಜಾಡು ತಿಳಿಯಲು ಉಂಗುರ ತೊಡಿಸುವವರ ವಿಳಾಸ ಹುಡುಕಿಸಿ, ನಂಬರು ಬರೆದು ಕಳಿಸಿದ. ಎರಡು ವಾರಕ್ಕೆ ಉತ್ತರ ಬಂತು. ದೂರದ ಉತ್ತರದ ಕಾಡೊಂದರಲ್ಲಿ, ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ, ಗೂಡಿನಲ್ಲಿದ್ದಾಗಲೇ ತೊಡಿಸಿದ ಉಂಗುರವಂತೆ. ಒಂಬತ್ತು ಗ್ರಾಂ ತೂಕದ ಆ ಜೀವಕ್ಕೆ ಇದು ಸಮುದ್ರ ದಾಟುವ ಏಳನೆಯ ಪ್ರಯಾಣ. ಅವನೋ, ಗಾಜಿನ ಗೋದಾಮಿರುವ ಪಕ್ಕದ ಊರನ್ನು ದಾಟಿದವನಲ್ಲ. ಕಾಗದವನ್ನು ಮಡಿಸಿದ, ಮತ್ತೆ ಬಿಡಿಸಿ ಓದಿದ. ಬಿರುಗಾಳಿಗೂ ಹದ್ದಿಗೂ ಸಿಗದೆ ಆರು ಸಲ ಪಾರಾದದ್ದು ತನ್ನ ಕೈಕೆಲಸಕ್ಕೆ ಸಿಕ್ಕಿಬಿತ್ತಲ್ಲ.

ಮರುದಿನ ಗ್ರಂಥಪಾಲಕಿಯ ಮುಂದೆ ನಿಂತು, ಹಕ್ಕಿಗಳ ಕಣ್ಣಿಗೆ ಬೀಳುವಂತೆ ಗಾಜಿಗೆ ಹೊರಗಿನಿಂದ ಬಿಳಿ ಪಟ್ಟಿ ಅಂಟಿಸುತ್ತೇನೆ ಎಂದ. ಅಷ್ಟು ಚೆಂದದ ಗಾಜು ಹಾಳಾಗುತ್ತಲ್ಲ ಎಂದು ಆಕೆ ರಾಗ ಎಳೆದಳು.

"ಚೆಂದ ಮಾಡಿದ್ದೂ ನಾನೇ ಮೇಡಂ. ಕೆಡಿಸೋದನ್ನೂ ನಂಗೇ ಬಿಡಿ."

ಏಣಿ ಹಾಕಿ, ಮೂರು ಬೆರಳಗಲಕ್ಕೊಂದರಂತೆ, ಒಂಬತ್ತು ದಿನ ಪಟ್ಟಿ ಅಂಟಿಸಿದ. ಓದಲು ಬಂದವರು ಜೈಲಿನಲ್ಲಿ ಕೂತಂತಾಗುತ್ತದೆ ಎಂದು ಗೊಣಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ವರ್ಷ ಅದೇ ಕಾಲಕ್ಕೆ ಅಕ್ಕನ ಜೊತೆ ತಾನೂ ಬೆಳಗ್ಗೆ ಹೋಗತೊಡಗಿದ. ಇಡೀ ಋತುವಿನಲ್ಲಿ ಬಿದ್ದದ್ದು ಮೂರು, ಅದರಲ್ಲಿ ಎರಡು ಚೇತರಿಸಿಕೊಂಡು ಹಾರಿಹೋದವು. ಒಂದು ದಿನ ಕಾಡಿನಿಂದ ಹಿಂಡೊಂದು ಗೋಡೆಯತ್ತ ನೇರ ಬಂತು. ಅವನು ಅಕ್ಕನ ರಟ್ಟೆ ಹಿಡಿದುಕೊಂಡ. ಗಾಜಿಗೆ ಇನ್ನೇನು ಮಾರುದೂರ ಎನ್ನುವಾಗ ಹಕ್ಕಿಗಳು ಸರ್ರನೆ ಮೇಲೆದ್ದು, ಸೂರು ದಾಟಿ, ದಕ್ಷಿಣಕ್ಕೆ ಹೊರಟವು. ಅಕ್ಕ ಎಣಿಸಲು ಹೋದಳು. ನಲವತ್ತರ ಹತ್ತಿರ ಲೆಕ್ಕ ತಪ್ಪಿತು.